ಅಣ್ಣನ ಬೈತಲೆ

ಚನ್ನಗಿರಿಯಲ್ಲಿ ನಮ್ಮ ನಾಟಕದ ಮೊದಲ ಪ್ರಯೋಗದ ದಿನ ಜನ ನಗಬಾರದ ಜಾಗದಲ್ಲಿ ನಕ್ಕರು. ವೇದಿಕೆಯ ಮೇಲೆ ಅಣ್ಣನ ಪಾತ್ರದವನು ತನ್ನ ಅಪ್ಪನ ಕೊನೆಗಾಲವನ್ನು ನೆನೆಸಿಕೊಳ್ಳುತ್ತಿದ್ದ. ಸಭಾಂಗಣ ಗಪ್‌ಚಿಪ್. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರ ಕಿವಿಗೆ ಬಾಗಿ, "ಟೋಪನ್ನು ಸೊಟ್ಟ ಆಗೈತೆ ನೋಡ್ರಿ" ಅಂದರು. ಅವರು ಮೆಲ್ಲಗೇ ಅಂದರು, ಆದರೆ ಆ ಮೌನದಲ್ಲಿ ಅದು ಹಿಂದಿನ ಕುರ್ಚಿಯವರೆಗೂ ಕೇಳಿಸಿತು. ಒಬ್ಬರು ಕಿಸಕ್ಕೆಂದರು. ಆಮೇಲೆ ನಗು ಹಬ್ಬಿತು. ಆ ಟೋಪನ್ನನ್ನು, ಅಂದರೆ ವಿಗ್ಗನ್ನು, ಅವನ ತಲೆಗೆ ಕೂರಿಸಿದವಳು ನಾನು. ಪರದೆಯ ಸಂದಿಯಲ್ಲಿ ನಿಂತು ನೋಡಿದೆ. ಹೌದು, ಸೊಟ್ಟಗಾಗಿತ್ತು.

ಚನ್ನಗಿರಿಯಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಮದುಮಗಳಿಗೆ ಮೊಗ್ಗಿನ ಜಡೆ ಕೂರಿಸುವುದು, ಹುಬ್ಬು ತಿದ್ದುವುದು, ಕೂದಲಿಗೆ ಮೆಹಂದಿ ಹಚ್ಚುವುದು ನನ್ನ ನಿತ್ಯದ ಕೆಲಸ. ಊರಿನ ಹವ್ಯಾಸಿ ನಾಟಕ ತಂಡಕ್ಕೆ ಹೆಣ್ಣು ಪಾತ್ರಗಳ ಅಲಂಕಾರ ಮಾಡಿಕೊಡಲು ಹೋದವಳು ನಾನು. ಬಣ್ಣ ಹಚ್ಚುತ್ತಿದ್ದವರು ಊರು ಬಿಟ್ಟ ಮೇಲೆ ಗಂಡಸರ ತಲೆಗಳೂ ನನ್ನ ಪಾಲಿಗೆ ಬಂದವು. ಗಂಡಸರ ಕೂದಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಅವರಿಗೂ ಹೆಂಗಸಿನ ಕೈಗೆ ತಲೆ ಒಡ್ಡಿ ಅಭ್ಯಾಸವಿರಲಿಲ್ಲ. ಕುರ್ಚಿಯಲ್ಲಿ ಕೂತರೆ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಹಿಡಿಕೆ ಹಿಡಿದು ಕೂರುತ್ತಿದ್ದರು.

ನಾಟಕ ಅಣ್ಣತಮ್ಮಂದಿರದು. ಒಂದೇ ಮನೆ, ಪಾಲಾದ ಮೇಲೆ ನಡುವೆ ಎದ್ದ ಗೋಡೆ. ಇಬ್ಬರೂ ಮಾತು ಬಿಟ್ಟಿದ್ದಾರೆ. ಆಚೆಯ ಸುದ್ದಿ ಈಚೆಗೆ, ಈಚೆಯದು ಆಚೆಗೆ ಮುಟ್ಟಿಸುವವಳು ತಂಗಿ. ಬರೆದು ನಿರ್ದೇಶಿಸಿದವರು ನಿವೃತ್ತ ಕನ್ನಡ ಮೇಷ್ಟ್ರು. ಅಣ್ಣನ ಪಾತ್ರದವರು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಪ್ರಯೋಗ ಹತ್ತಿರ ಬಂದಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ದಿನ ಗೊತ್ತಾಗಿ ಹೋಗಿತ್ತು. ಮೇಷ್ಟ್ರು ಯೋಚನೆ ಮಾಡಿ, "ಇವರಿಬ್ರೂ ನಾಟಕದಾಗೆ ಒಂದು ಸಲಾನೂ ಎದುರುಬದುರು ಆಗಲ್ಲ. ತಮ್ಮನ್ನ ಮಾಡೋನೇ ಅಣ್ಣನ್ನೂ ಮಾಡ್ಲಿ" ಅಂದರು.

ತಮ್ಮನ ಪಾತ್ರದವನು ಕತ್ತಲಗೆರೆಯವನು, ಕರೆಂಟಿನ ಲೈನ್‌ಮನ್. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಿದ್ದ. ಹೊಸ ಏರ್ಪಾಡು ಹೀಗಿತ್ತು: ವೇದಿಕೆಯ ನಡುವೆ ಗೋಡೆ. ಲೈನ್‌ಮನ್ ತಮ್ಮನಾಗಿ ಗೋಡೆಯ ಹಿಂದೆ ಸರಿಯುತ್ತಾನೆ. ತಂಗಿ ಹಗ್ಗದ ಮೇಲೆ ನಾಲ್ಕು ಬಟ್ಟೆ ಹರವುತ್ತಾಳೆ. ಅಷ್ಟರಲ್ಲಿ ಅವನು ಅಣ್ಣನಾಗಿ ಆಚೆ ಕಡೆಯಿಂದ ಬರಬೇಕು. ಇಬ್ಬರದೂ ಒಂದೇ ಬಿಳಿ ಅಂಗಿ, ಒಂದೇ ಪಂಚೆ. ಅಣ್ಣನಿಗೆ ಹೆಗಲ ಮೇಲೊಂದು ಟವೆಲ್. ಕೊನೆಯಲ್ಲಿ ಅಣ್ಣ ಆಚೆಯಿಂದ ಗೋಡೆ ಒಡೆದು ತೂತಿನಿಂದ ಕೈ ಚಾಚುತ್ತಾನೆ, ಈಚೆ ನಿಂತ ತಮ್ಮ ಅದನ್ನು ಹಿಡಿಯುತ್ತಾನೆ. ಆ ಕೈ ಮಾತ್ರ ನಮ್ಮ ತಬಲಾದವರದು. ಉಳಿದಂತೆ ಅಣ್ಣ ಬೇರೆ, ತಮ್ಮ ಬೇರೆ ಎಂದು ಜನ ನಂಬಬೇಕಾದರೆ ತಲೆಯಲ್ಲೇ ಏನಾದರೂ ಆಗಬೇಕಿತ್ತು. ಹಾಗಾಗಿ ದಾವಣಗೆರೆಯಿಂದ ಕತ್ತಿನವರೆಗೆ ಬರುವ ವಿಗ್ಗು ತರಿಸಿದ್ದೆ. ಆತುರದಲ್ಲಿ ಕತ್ತಲಲ್ಲಿ ತೊಟ್ಟರೆ ಅದು ನೆಟ್ಟಗೆ ಕೂರುವುದಿಲ್ಲ, ಅಂಚಿನ ಬಲೆ ಲೈಟಿಗೆ ಹೊಳೆಯುತ್ತದೆ ಎಂಬುದು ಪ್ರಯೋಗದ ದಿನವೇ ಗೊತ್ತಾದದ್ದು.

ಹೊನ್ನಾಳಿಯ ಪ್ರಯೋಗಕ್ಕೆ ವಿಗ್ಗು ಕೈಬಿಟ್ಟೆ. ಅಣ್ಣನಿಗೆ ವಯಸ್ಸು ಹೆಚ್ಚಲ್ಲವೇ, ಕೂದಲು ನರೆಸಿದರಾಯಿತು ಎಂದು ಬಿಳಿ ಪೌಡರ್ ತೆಗೆದುಕೊಂಡೆ. ಕಿವಿಯ ಮೇಲೆ, ಹಣೆಯಂಚಿಗೆ ಬ್ರಷ್ಷಿನಿಂದ ಎರಡು ಸಲ ಎಳೆದರೆ ಅಣ್ಣ. ಒದ್ದೆ ಬಟ್ಟೆಯಿಂದ ಒರೆಸಿದರೆ ತಮ್ಮ. ಪಾರ್ಲರಿನಲ್ಲಿ ಮಾಡಿ ನೋಡಿದಾಗ ಚೆನ್ನಾಗಿಯೇ ಬಂತು. ಹೊನ್ನಾಳಿಯಲ್ಲಿ ಸೆಖೆ. ಎರಡನೇ ದೃಶ್ಯದ ಹೊತ್ತಿಗೆ ಪೌಡರು ಬೆವರಿಗೆ ಕಲಸಿ ಹಿಟ್ಟಾಗಿ, ಒರೆಸಿದಷ್ಟೂ ಹರಡಿತು. ತಮ್ಮನೂ ಅರ್ಧ ನರೆತವನಾಗಿ ಹೊರಗೆ ಬಂದ. ಬಲಗಿವಿ ಮುದುಕನದು, ಎಡಗಿವಿ ಹುಡುಗನದು. ಈ ಸಲ ಯಾರೂ ನಗಲಿಲ್ಲ. ಆದರೆ ನಾಟಕ ಮುಗಿದ ಮೇಲೆ ಒಬ್ಬ ಹೆಂಗಸು ನನ್ನ ಹತ್ತಿರ ಬಂದು ನಿಜವಾದ ಗೊಂದಲದಿಂದ ಕೇಳಿದಳು: "ತಮ್ಮ ಯಾವಾಗ ಬರ್ತಾನೆ ಅಂತ ಕಾಯ್ತಾ ಇದ್ದೆ ಕಣಕ್ಕ. ಬರೀ ಅಣ್ಣನೇ ಓಡಾಡ್ತಾ ಇದ್ನಲ್ಲ?"

ಮೇಷ್ಟ್ರು ಬೈಯಲಿಲ್ಲ. ವಾಪಸು ಬರುವಾಗ ಟೆಂಪೋದಲ್ಲಿ ಒಂದೇ ಮಾತು ಹೇಳಿದರು. "ನ್ಯಾಮತಿಗೂ ಹಿಂಗೇ ಆದ್ರೆ ಜಗಳೂರಾಗೆ ಅಣ್ಣನ್ನ ಗೋಡೆ ಆಚೆನೇ ಬಿಡ್ತೀನಿ. ದನಿ ಮಾತ್ರ ಕೇಳ್ಸಲಿ."

ಲೈನ್‌ಮನ್ ಕಿಟಕಿಯಿಂದ ಮುಖ ತಿರುಗಿಸಿದ. "ಅಣ್ಣ ಕಾಣಂಗಿಲ್ಲ ಅಂದ್ರೆ ನನಗೆ ತಮ್ಮನ ಪಾತ್ರಾನೂ ಬ್ಯಾಡ ಮೇಷ್ಟ್ರೇ."

ಅಷ್ಟು ಖಡಾಖಂಡಿತವಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಣ್ಣನ ಪಾತ್ರ ಅವನಿಗೆ ಆಕಸ್ಮಿಕವಾಗಿ ಗಂಟುಬಿದ್ದದ್ದು. ಅದರ ಮೇಲೆ ಇಷ್ಟು ಆಸೆ ಯಾಕೆ ಎಂದು ಅನಿಸಿತು.

ಒಂದು ಸೋಮವಾರ, ಪಾರ್ಲರಿಗೆ ಯಾರೂ ಬಾರದ ಮಧ್ಯಾಹ್ನ, ಅವನನ್ನು ಕರೆಸಿದೆ. ತಲೆಗೆ ಏನನ್ನೂ ಹಾಕುವುದಿಲ್ಲ, ಅವನ ಕೂದಲಿನಿಂದಲೇ ಎಷ್ಟು ಜನ ಹುಟ್ಟುತ್ತಾರೆ ನೋಡೋಣ ಎಂದು ನಿರ್ಧರಿಸಿದ್ದೆ. ಬಟ್ಟಲಲ್ಲಿ ನೀರು, ಕೈಯಲ್ಲಿ ಒಂದು ಬಾಚಣಿಗೆ. ಹಿಂದಕ್ಕೆ ಬಾಚಿದೆ. ಹಣೆ ಬಯಲಾಗಿ, ಅರ್ಜಿ ಹಿಡಿದು ಹೋದವರನ್ನು ನಾಳೆ ಬನ್ನಿ ಅನ್ನುವ ಸಾಹೇಬನಾದ. ಹಣೆಯ ಮೇಲೆ ಇಳಿಬಿಟ್ಟೆ. ಪರೀಕ್ಷೆಯಲ್ಲಿ ಫೇಲಾದವನಾದ. ನಡುವೆ ಸೀಳಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪ್ರತಿ ಸಲವೂ ಅವನ ಕತ್ತು ತಾನಾಗಿಯೇ ಬೇರೆ ಥರ ನಿಲ್ಲುತ್ತಿತ್ತು. ನಾನು ಕುಳಿತಿರು ಎಂದಷ್ಟೇ ಹೇಳಿದ್ದು. ಹಿಂದಕ್ಕೆ ಬಾಚಿದಾಗ ಗದ್ದ ಮೇಲೆದ್ದಿತ್ತು, ಇಳಿಬಿಟ್ಟಾಗ ಹೆಗಲು ಕುಸಿದಿತ್ತು. ಇಷ್ಟು ವರ್ಷ ನಾನು ಕೂದಲನ್ನು ಮುಖದ ಸುತ್ತಲಿನ ಅಂಚು ಎಂದುಕೊಂಡಿದ್ದೆ. ಬೆನ್ನುಮೂಳೆಗೂ ಅದಕ್ಕೂ ಸಂಬಂಧ ಇರುವುದು ಆವತ್ತೇ ಕಂಡದ್ದು.

ಅವನು ಯಾವಾಗಲೂ ಎಡಕ್ಕೆ ಬೈತಲೆ ತೆಗೆಯುವವನು. ನೆತ್ತಿಯ ಸುಳಿ ತಿರುಗಿದ್ದೂ ಅದಕ್ಕೆ ಅನುಕೂಲವಾಗಿಯೇ ಇತ್ತು, ಕೂದಲು ಎಡದಿಂದ ಬಲಕ್ಕೆ ಸಲೀಸಾಗಿ ಮಲಗುತ್ತಿತ್ತು. ಬಲಕ್ಕೆ ತೆಗೆದರೆ ಕೂದಲು ಸುಳಿಗೆ ಎದುರಾಗುತ್ತದೆ, ಬುಡದಲ್ಲಿ ಎದ್ದು ನಿಲ್ಲುತ್ತದೆ, ಆ ಕಡೆಯ ಹುಬ್ಬು ಎತ್ತಿದ ಹಾಗೆ ಕಾಣುತ್ತದೆ. ಹಟಮಾರಿ ಅಣ್ಣನಿಗೆ ಅದೇ ಬೇಕಲ್ಲವೇ! ಖುಷಿಯಿಂದ ಬಾಚಣಿಗೆಯ ತುದಿಯನ್ನು ಬಲಕ್ಕೆ ಇಟ್ಟೆ. ಅವನು ಗಪ್ಪನೆ ನನ್ನ ಮಣಿಕಟ್ಟು ಹಿಡಿದ.

"ಬ್ಯಾಡ ಅಕ್ಕ. ಆ ಕಡೆ ಬ್ಯಾಡ."

"ಯಾಕೋ?"

"ಬ್ಯಾಡ ಅಂದ್ನಲ್ಲ. ಬೇರೆ ಏನಾದ್ರೂ ಮಾಡ್ರಿ."

ಬಿಟ್ಟೆ. ಏನೋ ನಂಬಿಕೆ ಇರಬಹುದು ಅಂದುಕೊಂಡೆ. ಮೇಷ್ಟ್ರಿಗೆ ತೋರಿಸಲೆಂದು ಪ್ರತಿಯೊಂದು ಬಗೆಯದೂ ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಅವನು ಮುಖ ತೊಳೆಯಲು ಹೋದಾಗ ಅವನ್ನು ನೋಡುತ್ತಾ ಕೂತೆ. ಚಿತ್ರವನ್ನು ಎಡಬಲ ಅದಲುಬದಲು ಮಾಡುವ ಗುಂಡಿಯೊಂದು ಅದರಲ್ಲಿದೆ. ಎಡ ಬೈತಲೆಯ ಫೋಟೋವನ್ನು ತಿರುಗಿಸಿದೆ, ಬಲಕ್ಕೆ ತೆಗೆದಿದ್ದರೆ ಹೇಗಿರುತ್ತಿತ್ತು ಎಂಬ ಕುತೂಹಲ ಅಷ್ಟೇ. ಅದೇ ಕಣ್ಣು, ಅದೇ ಮೂಗು, ಆದರೂ ಗುರುತಿಲ್ಲದ ಇನ್ನೊಬ್ಬ ಗಂಡಸು ನನ್ನನ್ನು ನೋಡುತ್ತಿದ್ದ. ಹಿಂದಿನಿಂದ ಲೈನ್‌ಮನ್ ಬಂದದ್ದು ಗೊತ್ತಾಗಲಿಲ್ಲ.

"ಇದು ನಾನಲ್ಲ" ಅಂದ. ಟವೆಲ್ ಕೈಯಲ್ಲೇ ಇತ್ತು. "ನಮ್ಮಣ್ಣ."

ಆಮೇಲೆ ಕುರ್ಚಿಯಲ್ಲಿ ಕೂತು ಹೇಳಿದ. ಅವನಿಗೆ ಒಬ್ಬನೇ ಅಣ್ಣ. ಲಾರಿ ಓಡಿಸುತ್ತಿದ್ದ. ಕಾಮಾಲೆಯಾಗಿ, ತಡವಾಗಿ ಆಸ್ಪತ್ರೆಗೆ ಹೋಗಿ, ತೀರಿಕೊಂಡು ಎರಡು ವರ್ಷವಾಗಿತ್ತು. ಮುಖದಲ್ಲಿ ಇಬ್ಬರೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ. ಅಣ್ಣ ಬಲಕ್ಕೆ ಬೈತಲೆ ತೆಗೆಯುತ್ತಿದ್ದ, ಸಣ್ಣವನಿದ್ದಾಗಿನಿಂದ ಇವನೂ ಅಣ್ಣನನ್ನು ನೋಡಿ ಬಲಕ್ಕೇ ತೆಗೆಯುತ್ತಿದ್ದ. ಅಣ್ಣ ಹೋದ ಕೆಲವು ದಿನಗಳ ನಂತರ ಇವನು ಸ್ನಾನ ಮಾಡಿ, ತಲೆ ಬಾಚಿಕೊಂಡು ಪಡಸಾಲೆಗೆ ಬಂದಾಗ ಅವ್ವ ದೊಡ್ಡವನ ಹೆಸರು ಹಿಡಿದು ಕರೆದಳಂತೆ. ಊಟಕ್ಕೆ ಬಾ ಅಂದಳಂತೆ. ತಟ್ಟೆಯನ್ನೂ ಇಟ್ಟಳಂತೆ. ಆಮೇಲೆ ಇವನ ಮುಖ ನೋಡಿ ಗೋಡೆ ಹಿಡಿದು ಕೂತುಬಿಟ್ಟಳಂತೆ.

"ಅವತ್ತಿಂದ ಎಡಕ್ಕೆ ತೆಗೀತೀನಿ. ಅವನಂಗೆ ಕಾಣಬಾರ್ದು ಅಂತಾನೇ ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಲ್ಲೋದು" ಅಂದ. "ಮಾತಿನಾಗೆ ಅವನ್ನ ತರಾಕೆ ನನಗೆ ಆಸೆ ಅಕ್ಕ. ಆ ಪಾತ್ರ ಮಾತಾಡೋದೆಲ್ಲಾ ಅವನಂಗೇ ಐತೆ. ಮುಖದಾಗೆ ತರಾಕೆ ಧೈರ್ಯ ಇಲ್ಲ."

ನಾನು ಆ ಫೋಟೋ ಅಳಿಸಿದೆ. ಮೇಷ್ಟ್ರಿಗೆ ಏನನ್ನೂ ಹೇಳಲಿಲ್ಲ.

ನ್ಯಾಮತಿಯಲ್ಲಿ ಅಣ್ಣನಿಗೆ ಕೂದಲು ಹಿಂದಕ್ಕೆ ಬಾಚಿದೆವು. ಗೋಡೆಯ ಹಿಂಭಾಗಕ್ಕೆ ಒಂದು ಅಂಗೈಯಗಲದ ಕನ್ನಡಿ ಹೊಡೆಸಿ, ಕೆಳಗೆ ನೀರಿನ ಬಟ್ಟಲು ಇಟ್ಟೆ. ಒದ್ದೆ ಕೈಯಿಂದ ಎರಡು ಸಲ ಹಿಂದಕ್ಕೆ ಸವರಿ ಬಾಚಿದರೆ ಅಣ್ಣ. ಮುಂದಕ್ಕೆ ತಂದು ಎಡಕ್ಕೆ ಸೀಳಿದರೆ ತಮ್ಮ. ತಂಗಿ ಮೂರನೇ ಬಟ್ಟೆ ಹರವುವಷ್ಟರಲ್ಲಿ ಅವನು ತಯಾರಾಗುತ್ತಿದ್ದ. ವಿಗ್ಗಿಲ್ಲ, ಪೌಡರಿಲ್ಲ, ಏನೂ ಜಾರಲಿಲ್ಲ. ಜನರಿಗೆ ಇಬ್ಬರು ಬೇರೆ ಬೇರೆ ಎಂದು ತಿಳಿಯಿತು, ಚಪ್ಪಾಳೆಯೂ ಬಂತು. ಮೇಷ್ಟ್ರು ನಿಟ್ಟುಸಿರು ಬಿಟ್ಟರು. ತಂಗಿಯ ಪಾತ್ರದವಳಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅವಳು ಸಂತೇಬೆನ್ನೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಎದುರಿಗಿದ್ದವರನ್ನು ಅಳೆದು ನೋಡುವುದು ಅವಳಿಗೆ ಅಭ್ಯಾಸ. ಜಡೆ ಬಿಚ್ಚಿಕೊಳ್ಳುತ್ತಾ ಹೇಳಿದಳು: "ಬ್ಯಾರೆ ಕಾಣ್ತಾನೆ, ಸರಿ. ಆದ್ರೆ ನನಗೆ ಅಣ್ಣ ಅನ್ನಿಸ್ಲಿಲ್ಲ ಕಣಕ್ಕ. ಬ್ಯಾಂಕ್ ಮ್ಯಾನೇಜರು ಮನೆ ಜಪ್ತಿ ಮಾಡಾಕೆ ಬಂದಂಗಿತ್ತು. ಅವನ್ನ ನೋಡಿ ಅಳು ಬರ್ಲಿಲ್ಲ, ಸುಮ್ನೆ ಅತ್ತೆ."

ಅವಳು ಹೇಳಿದ್ದು ನಿಜ. ಇಬ್ಬರನ್ನು ಬೇರೆ ಮಾಡುವ ಆತುರದಲ್ಲಿ ಅವರು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದನ್ನೇ ನಾನು ಅಳಿಸಿಬಿಟ್ಟಿದ್ದೆ. ಬೇರೆಯೂ ಕಾಣಬೇಕು, ಒಂದೇ ರಕ್ತ ಎಂದೂ ಕಾಣಬೇಕು. ಅದಕ್ಕೆ ಬೇಕಾದದ್ದು ಬೈತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟೇ ಅಂತರ. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹೊಲಿಗೆಯವಳ ಮಾತು ಅವನ ಕಿವಿಗೂ ಬಿದ್ದಿತ್ತು ಎಂದು ಕಾಣುತ್ತದೆ.

ಜಗಳೂರಿನ ಪ್ರಯೋಗ ಹತ್ತಿರ ಬಂದಾಗ ಅವನೇ ಪಾರ್ಲರಿಗೆ ಬಂದ. ಒಳಗೆ ಹೆಂಗಸರಿದ್ದರು, ಹೊರಗೆ ನಿಂತೇ ಮಾತಾಡಿದ.

"ಆ ಕಡೆನೇ ತೆಗೀರಿ ಅಕ್ಕ."

"ಆಲೋಚನೆ ಮಾಡಿದೀಯಾ?"

"ಮಾಡೀನಿ. ಆದ್ರೆ ಜಗಳೂರಿಗೆ ಅವ್ವನೂ ಬರ್ತೀನಿ ಅಂತಾಳೆ. ಮಂದಿ ನಡುವೆ ಒಮ್ಮೆಲೇ ನೋಡಿ ಏನಾದ್ರೂ ಆದ್ರೆ? ಮೊದ್ಲು ಮನ್ಯಾಗೆ ತೋರಿಸ್ಬೇಕು. ನೀವೂ ಬರ್ರಿ."

"ಅವ್ವ ಬ್ಯಾಡ ಅಂದ್ರೆ?"

"ಮ್ಯಾನೇಜರೇ ಇರ್ಲಿ ಬಿಡ್ರಿ, ಜಗಳೂರಿಗೂ."

ಭಾನುವಾರ ಬೆಳಿಗ್ಗೆ ಕತ್ತಲಗೆರೆಗೆ ಹೋದೆ. ಬಸ್ಸಿನಲ್ಲಿ ಕೂತಾಗ ನನಗೆ ಅಂಜಿಕೆ ಹತ್ತಿತು. ಒಂದು ನಾಟಕಕ್ಕಾಗಿ ಒಬ್ಬ ತಾಯಿಯ ಮುಂದೆ ತೀರಿಕೊಂಡ ಮಗನನ್ನು ತಂದು ನಿಲ್ಲಿಸುವುದು ಎಷ್ಟರಮಟ್ಟಿಗೆ ಸರಿ? ಅರ್ಧ ದಾರಿಯಲ್ಲಿ ಇಳಿದುಬಿಡೋಣ ಎಂದೂ ಅನಿಸಿತು. ಅದರ ಜೊತೆಗೇ, ಆ ಬೈತಲೆ ತೆಗೆದರೆ ಹೇಗೆ ಕಾಣುತ್ತಾನೆ ಎಂಬ ಕುತೂಹಲ ನನ್ನನ್ನು ಸೀಟಿಗೆ ಅಂಟಿಸಿತ್ತು. ಎರಡನ್ನೂ ಹೊತ್ತುಕೊಂಡೇ ಕತ್ತಲಗೆರೆಯಲ್ಲಿ ಇಳಿದೆ.

ಪಡಸಾಲೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಅಣ್ಣನ ಫೋಟೋ. ಬಲಕ್ಕೆ ಬೈತಲೆ, ಎತ್ತಿದ ಹುಬ್ಬು. ಅವ್ವ ಜೋಳ ಹಸನು ಮಾಡುತ್ತಾ ಕೂತಿದ್ದರು. ಲೈನ್‌ಮನ್ ಸುತ್ತಿಬಳಸದೆ ಹೇಳಿದ. "ಅವ್ವ, ನಾಟಕದಾಗೆ ನಾನು ಅಣ್ಣನ್ನೂ ಮಾಡ್ತೀನಿ, ತಮ್ಮನ್ನೂ ಮಾಡ್ತೀನಿ. ಅಣ್ಣ ಬರೋವಾಗ ನಮ್ಮಣ್ಣನಂಗೆ ತಲೆ ಬಾಚ್ಕೋಬೇಕು ಅಂತ ಐತೆ. ನೀನು ಹೂಂ ಅಂದ್ರೆ ಮಾತ್ರ."

ಅವ್ವ ಮೊರ ಕೆಳಗಿಟ್ಟರು. "ಬಾಚ್ಕಾ. ನೋಡೋಣ."

ಅವನು ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತ. ನಾನು ನೀರು ಚಿಮುಕಿಸಿ ಬಲಕ್ಕೆ ಬೈತಲೆ ತೆಗೆದೆ. ಗೆರೆ ಒಂದೇ ಸಲಕ್ಕೆ ನೆಟ್ಟಗೆ ಬರಲಿಲ್ಲ. ಕೂದಲು ಸುಳಿಗೆ ಎದುರಾಗಿ ಎದ್ದು ನಿಂತಿತು, ಹುಬ್ಬು ಮೇಲೆ ಹೋಯಿತು. ಅವನು ಎದ್ದು ಅವ್ವನ ಕಡೆ ತಿರುಗಿದ.

ಅವ್ವ ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನು ಬಂದು ಹೋಯಿತೋ ನನಗೆ ಓದಲಾಗಲಿಲ್ಲ. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡರು.

"ಇಷ್ಟು ಕೆಳಗೆ ತೆಗೀತಿರ್ಲಿಲ್ಲ ಅವನು. ಕೂತ್ಕಾ."

ಅವನು ಕೂತ. ಅವ್ವ ಬೈತಲೆಯನ್ನು ಎರಡು ಬೆರಳಿನಷ್ಟು ಮೇಲಕ್ಕೆ ತಂದರು. ಮುಂಗೂದಲಿಗೆ ಎಡ ಅಂಗೈ ಒತ್ತಿ ಹಿಡಿದು, ಬಾಚಣಿಗೆಯಿಂದ ಒಂದು ಏರು ಕೊಟ್ಟರು. ಮಗನ ಗದ್ದ ಹಿಡಿದು ಆ ಕಡೆ, ಈ ಕಡೆ ತಿರುಗಿಸಿ ನೋಡಿದರು, ಸ್ಕೂಲಿಗೆ ಕಳಿಸುವ ಮುನ್ನ ನೋಡುವ ಹಾಗೆ.

"ನಾಟಕದಾಗೆ ಆ ಅಣ್ಣ ಎಂಥೋನು?" ಎಂದು ಕೇಳಿದರು.

"ಹಟಮಾರಿ, ಅವ್ವ. ಆದ್ರೆ ಕೊನೀಗೆ ಗೋಡೆ ಒಡೆಯೋನು ಅವನೇ."

"ನಿಮ್ಮಣ್ಣ ಏನು ಕಡಿಮೆ ಹಟಮಾರಿನಾ?" ಅಂದರು ಅವ್ವ. ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಮಾಡು" ಅಂದರು.

ಜಗಳೂರಿನಲ್ಲಿ ಬಯಲು ವೇದಿಕೆ, ಸಂಜೆಯಾಗುತ್ತಲೇ ಗಾಳಿ. ಒಣಗಿದರೆ ಕೂದಲು ಹಾರಿ ಎರಡೂ ಬೈತಲೆ ಅಳಿಸಿಹೋಗುತ್ತವೆ ಎಂದು ನೀರಿಗೆ ಒಂದಿಷ್ಟು ಅಗಸೆ ಬೀಜ ಹಾಕಿ ಕುದಿಸಿ ಸೋಸಿದ ಲೋಳೆ ಬೆರೆಸಿದ್ದೆ. ಪಾರ್ಲರಿನಲ್ಲಿ ಹೆಂಗಸರ ಗುಂಗುರು ಕೂದಲಿಗೆ ಹಚ್ಚುವ ಉಪಾಯವದು. ಗೋಡೆಯ ಹಿಂದೆ ನಾನೇ ಬಟ್ಟಲು ಹಿಡಿದು ನಿಂತೆ. ಮುಂದಿನ ಸಾಲಿನಲ್ಲಿ ಅವ್ವ.

ತಮ್ಮ ಗೋಡೆಯ ಹಿಂದೆ ಸರಿದು ಬಂದ. ಲೋಳೆ, ಬಾಚಣಿಗೆ. ಒಂದು ಎಳೆತಕ್ಕೆ ಬೈತಲೆ ಬಲಕ್ಕೆ, ಅವ್ವ ತೋರಿಸಿದಷ್ಟು ಮೇಲಕ್ಕೆ. ಅಂಗೈಯಿಂದ ಮುಂಗೂದಲಿಗೆ ಏರು. ಕನ್ನಡಿಯಲ್ಲಿ ಒಂದು ಕ್ಷಣ ನೋಡಿಕೊಂಡ. ಅವನ ಎದೆ ಅಗಲವಾಯಿತು, ಲಾರಿಯಿಂದ ಇಳಿದವರ ಹಾಗೆ ಕಾಲು ಊರಿದ. ಮೇಷ್ಟ್ರು ಎಷ್ಟು ಸಲ ಹೇಳಿಕೊಟ್ಟರೂ ಬಾರದಿದ್ದ ನಡಿಗೆ ಅದು. ತಂಗಿ ಇನ್ನೂ ಎರಡನೇ ಬಟ್ಟೆ ಹರವುತ್ತಿದ್ದಳು. ಅವನು ಹೊರಗೆ ಕಾಲಿಟ್ಟ. ಹೊಲಿಗೆಯವಳಿಗೆ ನಾವು ಏನನ್ನೂ ಹೇಳಿರಲಿಲ್ಲ. ತಿರುಗಿ ಅವನನ್ನು ಕಂಡವಳ ಕೈಯಿಂದ ಒದ್ದೆ ಸೀರೆ ಜಾರಿತು. "ಅಣ್ಣಾ" ಎಂಬ ಮಾತು ಅವಳ ಬಾಯಲ್ಲಿ ಆ ದಿನದಂತೆ ಎಂದೂ ಬಂದಿರಲಿಲ್ಲ.

ಅಪ್ಪನ ಕೊನೆಗಾಲದ ಮಾತು ಬಂದಾಗ ನಾನು ಗೋಡೆಯ ಹಿಂದಿನಿಂದ ಮುಂದಿನ ಸಾಲಿಗೆ ಕಿವಿಗೊಟ್ಟೆ. ಯಾರೂ ಕೆಮ್ಮಲಿಲ್ಲ. ಕೊನೆಯಲ್ಲಿ ತೂತಿನಿಂದ ತಬಲಾದವರ ಕೈ ಹೊರಗೆ ಹೋದಾಗ, ಈಚೆ ಎಡ ಬೈತಲೆಯ ತಮ್ಮ ಅದನ್ನು ಎರಡೂ ಕೈಯಿಂದ ಹಿಡಿದ. ಎಷ್ಟು ಬಿಗಿಯಾಗಿ ಹಿಡಿದನೆಂದರೆ ತಬಲಾದವರು, "ಬಿಡಪ್ಪ, ನಾಳೆ ಕೈ ಬೇಕು ನನಗೆ" ಎಂದು ಗೋಡೆಯ ಹಿಂದೆ ಪಿಸುಗುಟ್ಟಿದರು.

ನಾಟಕ ಮುಗಿದು ಎಲ್ಲರೂ ವೇದಿಕೆಯ ಮೇಲೆ ಸಾಲಾಗಿ ನಿಂತೆವು. ಸಂಘಟಕರಲ್ಲಿ ಒಬ್ಬರು ತಟ್ಟೆಯಲ್ಲಿ ಸೇವಂತಿಗೆ ಹಾರಗಳನ್ನು ತಂದು ಒಬ್ಬೊಬ್ಬರಿಗೇ ಹಾಕುತ್ತಾ ಬಂದರು. ಲೈನ್‌ಮನ್‌ಗೂ ಹಾಕಿದರು. ತಟ್ಟೆಯಲ್ಲಿ ಒಂದು ಹಾರ ಉಳಿಯಿತು. ಅವರು ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿ, ಮೈಕಿನಲ್ಲಿಯೇ ಕೇಳಿದರು:

"ಅಣ್ಣನ ಪಾತ್ರ ಮಾಡಿದೋರು ಎಲ್ಲಿ ರೀ? ಸ್ವಲ್ಪ ಬರಾಕೆ ಹೇಳ್ರಿ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವ್ವ ಮುಂದಿನ ಸಾಲಿನಿಂದ ಎದ್ದು, ವೇದಿಕೆಯ ಅಂಚಿಗೆ ಬಂದು ಕೈ ಚಾಚಿದರು.

"ಇತ್ಲಾಗೆ ಕೊಡಪ್ಪ ಅದನ್ನ" ಅಂದರು. "ಮನೆಗೆ ಹೋಗಿ ನಾನು ಹಾಕ್ತೀನಿ ಅವನಿಗೆ."